ಓದುಗರ ಪ್ರಶ್ನೆ, ಸಂಪಾದಕರ ಉತ್ತರ: ಜನಪ್ರತಿನಿಧಿಯ ಆಸ್ತಿಯೂ ಪತ್ರಿಕೆಯ ಲೆಕ್ಕವೂ

ಜನಪ್ರತಿನಿಧಿಗಳ ಸ್ವಂತ ಹಣಕಾಸನ್ನು ಪತ್ರಿಕೆಗಳು ಮತ್ತು ಟಿ.ವಿ. ವಾಹಿನಿಗಳು ಕೆದಕುವ ರೀತಿಯ ಬಗ್ಗೆ ಪ್ರಶ್ನೆ ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಘಟ್ಟದ ಮೇಲಿನಿಂದಲೂ ಕರಾವಳಿಯಿಂದಲೂ ಪತ್ರಗಳು ಬಂದಿವೆ. ಒಂದೇ ಬಗೆಯವನ್ನು ಒಟ್ಟುಗೂಡಿಸಿ, ಹಾಲಿ ರಾಜಕಾರಣಿಗಳನ್ನು ಹೆಸರು ಹಿಡಿದು ಬೈದ ಭಾಗಗಳನ್ನು ಬಿಟ್ಟು, ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಚುನಾವಣೆ ಬಂದಾಗಲೆಲ್ಲ ‘ಐದು ವರ್ಷದಲ್ಲಿ ಆಸ್ತಿ ದುಪ್ಪಟ್ಟು’ ಎಂಬ ತಲೆಬರಹ ಕಾಣುತ್ತದೆ. ಕಾಗದದ ಮೇಲೆ ನನ್ನ ಅಡಿಕೆ ತೋಟದ ಬೆಲೆಯೂ ದುಪ್ಪಟ್ಟಾಗಿದೆ. ಹಾಗಾದರೆ ನಾನೂ ಕಳ್ಳನೇ? ಇಂಥ ಸುದ್ದಿಯನ್ನು ಹೇಗೆ ಓದಬೇಕು? (ಶಿರಸಿ ತಾಲ್ಲೂಕಿನ ತೋಟಿಗರೊಬ್ಬರು)

ಉತ್ತರ: ತಾವು ಕಳ್ಳರಲ್ಲ; ಆ ತಲೆಬರಹ ಬರೆದವರು ಸೋಮಾರಿಗಳು. ಅಭ್ಯರ್ಥಿಯು ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿ ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಅದು ಪಿತ್ರಾರ್ಜಿತವೋ ಅಲ್ಲವೋ, ಕೊಂಡದ್ದಾದರೆ ಕೊಂಡ ದಿನಾಂಕ, ಆಗ ಕೊಟ್ಟ ಬೆಲೆ, ಅನಂತರ ಮಾಡಿದ ಅಭಿವೃದ್ಧಿ ವೆಚ್ಚ ಮತ್ತು ಈಗಿನ ಅಂದಾಜು ಮಾರುಕಟ್ಟೆ ಬೆಲೆ, ಇಷ್ಟನ್ನೂ ಬೇರೆಬೇರೆಯಾಗಿ ಬರೆಯಬೇಕು. ಆದರೆ ಅವಸರದಲ್ಲಿರುವ ವರದಿಗಾರರು ಕೊನೆಯ ಪುಟದ ಸಾರಾಂಶಕ್ಕೆ ಹೋಗಿ ಒಟ್ಟು ಮೊತ್ತವನ್ನು ಎತ್ತಿಕೊಳ್ಳುತ್ತಾರೆ, ಹಿಂದಿನ ಚುನಾವಣೆಯ ಮೊತ್ತದ ಪಕ್ಕದಲ್ಲಿಟ್ಟು ಶೇಕಡಾವಾರು ಹಾಕುತ್ತಾರೆ, ಅಲ್ಲಿಗೆ ಸುದ್ದಿ ಮುಗಿಯುತ್ತದೆ. ಅಜ್ಜನ ಕಾಲದ ನಾಲ್ಕು ಎಕರೆ ತೋಟಕ್ಕೆ 2018ರಲ್ಲಿ ಒಂದು ಕೋಟಿ ಎಂದು ಬರೆದವರು, ಅದೇ ಸರ್ವೆ ನಂಬರಿಗೆ 2023ರಲ್ಲಿ ಎರಡು ಕೋಟಿ ನಲವತ್ತು ಲಕ್ಷ ಎಂದು ಬರೆದರೆ ಅವರ ಕೈಗೆ ಒಂದು ರೂಪಾಯಿಯೂ ಬಂದಿಲ್ಲ. ದರ ಏರಿದೆ, ಅಷ್ಟೇ. ಅದನ್ನು ‘ಗಳಿಕೆ’ ಎಂದು ಕರೆಯುವುದು ತಪ್ಪು.

ಈಗ ಇನ್ನೊಬ್ಬ ಅಭ್ಯರ್ಥಿಯನ್ನು ಊಹಿಸಿಕೊಳ್ಳಿ. ಇಲ್ಲಿನ ಅಂಕಿಗಳೆಲ್ಲ ಉದಾಹರಣೆಗಾಗಿ ನಾವೇ ಕಟ್ಟಿದವು. ಅವರ ಒಟ್ಟು ಆಸ್ತಿ ಐದು ವರ್ಷದಲ್ಲಿ ಕೇವಲ 35 ಲಕ್ಷ ಏರಿದೆ, ಆದ್ದರಿಂದ ಯಾವ ತಲೆಬರಹದಲ್ಲೂ ಅವರು ಇಲ್ಲ. ಆದರೆ ಸಾಲದ ಪುಟವನ್ನು ತೆರೆದರೆ, ಹಿಂದಿನ ಸಲ ಇದ್ದ 80 ಲಕ್ಷ ರೂಪಾಯಿ ಬ್ಯಾಂಕ್ ಸಾಲ ಈ ಸಲ ಇಲ್ಲ. ಹುಬ್ಬಳ್ಳಿಯಲ್ಲಿ 60 ಲಕ್ಷ ಕೊಟ್ಟು ಒಂದು ನಿವೇಶನ ಕೊಂಡಿದ್ದಾರೆ. ಠೇವಣಿ 15 ಲಕ್ಷ ಹೆಚ್ಚಿದೆ. ಯಲ್ಲಾಪುರದ ಕಡೆಯ ಒಂದು ತುಂಡು ಜಮೀನನ್ನು 40 ಲಕ್ಷಕ್ಕೆ ಮಾರಿದ್ದಾರೆ. ಗಂಡ ಹೆಂಡಿರಿಬ್ಬರೂ ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸಿದ ಐದು ವರ್ಷಗಳ ಆದಾಯ ಒಟ್ಟು 42 ಲಕ್ಷ. ಸಾಲ ತೀರಿಸಲು, ನಿವೇಶನ ಕೊಳ್ಳಲು, ಠೇವಣಿ ಇಡಲು ಬೇಕಾದದ್ದು 155 ಲಕ್ಷ. ಕಾಣುವ ಹುಟ್ಟುವಳಿ 82 ಲಕ್ಷ. ಮನೆಖರ್ಚನ್ನು ಒಂದು ಪೈಸೆಯೂ ಹಿಡಿಯದೆ, ಉಳಿದ 73 ಲಕ್ಷ ಎಲ್ಲಿಂದ ಬಂತು? ಪತ್ರಿಕೆ ಕೇಳಬೇಕಾದ ಪ್ರಶ್ನೆ ಇದು. ಮೊದಲನೆಯವರ ಒಂದು ಕೋಟಿ ನಲವತ್ತು ಲಕ್ಷದ ಏರಿಕೆಗಿಂತ ಎರಡನೆಯವರ 35 ಲಕ್ಷದೊಳಗೆ ಹೆಚ್ಚು ಸುದ್ದಿ ಇದೆ.

ಇದಕ್ಕೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: ‘ಕೃಷಿ ಆದಾಯ’. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲದ ಕಾರಣ, ಆ ಪದದೊಳಗೆ ಬಹಳಷ್ಟನ್ನು ತುಂಬಬಹುದು ಎಂಬ ಭಾವನೆ ರಾಜಕೀಯದಲ್ಲಿದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅದನ್ನು ಪರಿಶೀಲಿಸುವುದು ಅಷ್ಟೇನೂ ಕಷ್ಟವಲ್ಲ. ಪಹಣಿಯಲ್ಲಿ ಎಷ್ಟು ಎಕರೆ ಎಷ್ಟು ಗುಂಟೆ ಇದೆ ಎಂಬುದನ್ನು ಯಾರೂ ನೋಡಬಹುದು. ಎಕರೆಗೆ ಎಷ್ಟು ಕ್ವಿಂಟಲ್ ಮಹಸೂಲು ಬರುತ್ತದೆ, ಕೊಳೆರೋಗ ಬಡಿದ ವರ್ಷ ಎಷ್ಟಕ್ಕೆ ಇಳಿಯುತ್ತದೆ, ಒಣಗಿಸಿದ ಬಿಳಿ ಅಡಿಕೆಯಾದ ಚಾಲಿಗೆಷ್ಟು ದರ, ಕೆಂಪಡಿಕೆಗೆಷ್ಟು ಎಂಬುದು ತಮಗೆ ವರದಿಗಾರರಿಗಿಂತ ಚೆನ್ನಾಗಿ ಗೊತ್ತು. ಅಡಿಕೆಯನ್ನು ಸಹಕಾರಿ ಸಂಘದ ಮೂಲಕ ವಿಕ್ರಿ ಮಾಡಿದವರ ಬಳಿ ವಿಕ್ರಿಯ ಪಟ್ಟಿ (ರಸೀದಿ) ಇರುತ್ತದೆ. ಹಾಗಾಗಿ ಅಭ್ಯರ್ಥಿ ಕೃಷಿ ಆದಾಯ ಎಂದರೆ, ‘ಯಾವ ವರ್ಷ, ಎಷ್ಟು ಕ್ವಿಂಟಲ್, ಯಾವ ದರ’ ಎಂದು ಮರುಪ್ರಶ್ನೆ ಹಾಕುವುದು ಅಪಮಾನವಲ್ಲ. ಪ್ರಾಮಾಣಿಕನಾದವನು ಐದು ನಿಮಿಷದಲ್ಲಿ ಹೇಳಬಲ್ಲ.

ಒಂದು ಎಚ್ಚರಿಕೆಯ ಮಾತೂ ಇದೆ. ನಮ್ಮ ಕಡೆ ಇನ್ನೂ ಪಾಲಾಗದ ಕೂಡುಕುಟುಂಬದ ತೋಟಗಳು ಬೇಕಾದಷ್ಟಿವೆ, ಅವಕ್ಕೆ ಹೊಂದಿದ ಸೊಪ್ಪಿನ ಬೆಟ್ಟಗಳೂ (ತೋಟದ ಗೊಬ್ಬರಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಇವೆ. ಬೆಟ್ಟದಲ್ಲಿ ಸೊಪ್ಪು ಕಡಿಯುವ ಸವಲತ್ತು ಇದ್ದ ಮಾತ್ರಕ್ಕೆ ಅದು ಸ್ವಂತ ಜಮೀನಲ್ಲ. ಬೆಂಗಳೂರಿನ ಮೇಜಿನ ಮುಂದೆ ಕೂತವರು ಈ ಎರಡನ್ನೂ ಕೂಡಿಸಿ ‘ಇಪ್ಪತ್ತು ಎಕರೆ ಒಡೆಯ’ ಎಂದು ಬರೆದರೆ ಊರಿನವರು ನಗುತ್ತಾರೆ, ಮುಂದೆ ಆ ಪತ್ರಿಕೆ ನಿಜ ಬರೆದರೂ ನಂಬುವುದಿಲ್ಲ.

ಪ್ರಶ್ನೆ: ಶಾಸಕರ ಪತ್ನಿಯ ಒಡವೆ, ಮಗಳ ಮದುವೆ, ಬ್ಯಾಂಕಿನ ಖಾತೆ ಎಲ್ಲವನ್ನೂ ವಾಹಿನಿಗಳು ದಿನವಿಡೀ ತೋರಿಸುತ್ತವೆ. ರಾಜಕಾರಣಿಗೂ ಖಾಸಗಿ ಬದುಕು ಇಲ್ಲವೇ? ಹೆಂಡತಿಯ ಆಸ್ತಿ ಕೇಳಲು ಇವರು ಯಾರು? (ಕಾರವಾರದ ನಿವೃತ್ತ ಶಿಕ್ಷಕಿ)

ಉತ್ತರ: ಪತ್ನಿಯ ಅಥವಾ ಪತಿಯ ಆಸ್ತಿಯನ್ನು ಕೇಳಿದವರು ವಾಹಿನಿಯವರಲ್ಲ, ಸುಪ್ರೀಂ ಕೋರ್ಟ್. ಅಭ್ಯರ್ಥಿಯು ತನ್ನ, ಬಾಳಸಂಗಾತಿಯ ಮತ್ತು ಅವಲಂಬಿತರ ಆಸ್ತಿ ಹಾಗೂ ಸಾಲವನ್ನು ಮತದಾರನಿಗೆ ತಿಳಿಸಬೇಕೆಂದು 2002ರ ಮೇ 2ರಂದು ಅದು ತೀರ್ಪಿತ್ತಿತು. ಎಲ್ಲ ಪಕ್ಷಗಳೂ ಒಂದಾಗಿ ಸಂಸತ್ತಿನಲ್ಲಿ ಕಾಯ್ದೆ ತಿದ್ದಿ ಅದನ್ನು ಮೊಟಕುಗೊಳಿಸಲು ಹೋದಾಗ, 2003ರ ಮಾರ್ಚ್‌ನಲ್ಲಿ ಆ ತಿದ್ದುಪಡಿಯ ಕಲಮನ್ನೇ ನ್ಯಾಯಾಲಯ ರದ್ದುಪಡಿಸಿತು. ಬೇರೆ ಎಲ್ಲ ವಿಷಯಗಳಲ್ಲಿ ಕಚ್ಚಾಡುವವರು ಈ ಒಂದರಲ್ಲಿ ಒಮ್ಮತಕ್ಕೆ ಬಂದದ್ದು ಗಮನಿಸಬೇಕಾದ ಸಂಗತಿ. ಆಸ್ತಿ ಮಾತ್ರವಲ್ಲ, ಆದಾಯದ ಮೂಲವನ್ನೂ ಹೇಳಬೇಕು ಎಂದು 2018ರ ಫೆಬ್ರುವರಿಯಲ್ಲಿ ಇನ್ನೊಂದು ತೀರ್ಪು ಬಂತು. ಬೇನಾಮಿ ವ್ಯವಹಾರದಲ್ಲಿ ಮೊದಲು ಬಳಕೆಯಾಗುವುದೇ ಮನೆಯವರ ಹೆಸರಾದ್ದರಿಂದ ಪತ್ನಿಯ ಕಾಲಮ್ಮು ಇಲ್ಲದಿದ್ದರೆ ಇಡೀ ಪ್ರಮಾಣಪತ್ರಕ್ಕೆ ಅರ್ಥವಿರುವುದಿಲ್ಲ.

ಹಾಗೆಂದು ತಮ್ಮ ಆಕ್ಷೇಪವನ್ನು ನಾವು ತಳ್ಳಿಹಾಕುತ್ತಿಲ್ಲ. ಗಡಿ ಇದೆ ಎಂದು ನ್ಯಾಯಾಲಯವೂ ಹೇಳಿದೆ. ಅರುಣಾಚಲ ಪ್ರದೇಶದ ತೇಜು ಕ್ಷೇತ್ರದ ಶಾಸಕರೊಬ್ಬರು ಪತ್ನಿಯ ಮತ್ತು ಮಗನ ಹೆಸರಿನಲ್ಲಿ ದಾಖಲೆಯಲ್ಲಿ ಉಳಿದಿದ್ದ ಒಂದು ಸ್ಕೂಟಿ, ಒಂದು ವ್ಯಾನು, ಒಂದು ಮೋಟಾರ್ ಸೈಕಲ್ಲನ್ನು ಘೋಷಿಸಿರಲಿಲ್ಲ ಎಂಬ ಕಾರಣಕ್ಕೆ ಗುವಾಹಟಿ ಹೈಕೋರ್ಟು ಅವರ ಆಯ್ಕೆಯನ್ನು ಅಸಿಂಧುಗೊಳಿಸಿತ್ತು. ಆ ವಾಹನಗಳು ಮೊದಲೇ ಕೈಬದಲಾಗಿದ್ದವು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ, ಬಟ್ಟೆ, ಪಾದರಕ್ಷೆ, ಪಾತ್ರೆ, ಪೀಠೋಪಕರಣದಂಥ ಪ್ರತಿಯೊಂದು ಚರ ವಸ್ತುವನ್ನೂ ಅಭ್ಯರ್ಥಿ ಘೋಷಿಸಬೇಕಾಗಿಲ್ಲ, ಮತದಾರನಿಗೆ ಸಂಬಂಧವಿಲ್ಲದ ವಿಷಯದಲ್ಲಿ ಅವರಿಗೂ ಖಾಸಗಿತನವಿದೆ ಎಂದಿತು. ಆದರೆ ಭಾರಿ ಬೆಲೆಯ ಕೈಗಡಿಯಾರಗಳನ್ನು ಬಚ್ಚಿಟ್ಟರೆ ಅದು ಬೇರೆ ಮಾತು ಎಂದೂ ಸೇರಿಸಿತು.

ನಮ್ಮ ಅಭಿಪ್ರಾಯದಲ್ಲಿ, ಮಗಳ ಮದುವೆಯ ಸೀರೆ ಯಾವ ಬಣ್ಣದ್ದು, ಊಟಕ್ಕೆ ಎಷ್ಟು ಬಗೆ ಎಂಬುದು ಸುದ್ದಿಯಲ್ಲ. ಕಲ್ಯಾಣ ಮಂಟಪದ ಬಿಲ್ಲನ್ನು ಬಂದರಿನ ಕಾಮಗಾರಿ ಹಿಡಿದ ಗುತ್ತಿಗೆದಾರ ಕಟ್ಟಿದ್ದರೆ ಅದು ಸುದ್ದಿ. ಇದನ್ನು ತೋರಿಸಲು ಬಿಲ್ಲು ಬೇಕು, ಗೇಟಿನ ಹೊರಗೆ ಕ್ಯಾಮೆರಾ ಹಿಡಿದು ಕೂಗಿದರೆ ಆಗುವುದಿಲ್ಲ. ಶಾಲೆಗೆ ಹೋಗುವ ಮಕ್ಕಳ ಮುಖ ತೋರಿಸುವುದಂತೂ ಯಾವ ಕಾರಣಕ್ಕೂ ಸಲ್ಲದು.

ಪ್ರಶ್ನೆ: ಆಸ್ತಿ ಹೆಚ್ಚೋ ಕಡಿಮೆಯೋ ಎಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಲೆಕ್ಕಪರಿಶೋಧಕರಲ್ಲದ ಪತ್ರಕರ್ತರು ನಡುವೆ ಏಕೆ ಬರಬೇಕು? (ಕುಮಟಾದ ವಕೀಲರು)

ಉತ್ತರ: ತೀರ್ಮಾನ ನ್ಯಾಯಾಲಯದ್ದೇ. ಕೂಡಿಸುವ ಹಕ್ಕು ಮಾತ್ರ ಎಲ್ಲರದು. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಪ್ರಕರಣ ನಮ್ಮ ರಾಜ್ಯದಲ್ಲೇ ನಡೆದದ್ದು ತಮಗೆ ತಿಳಿದೇ ಇದೆ. ಬೆಂಗಳೂರಿನ ವಿಶೇಷ ನ್ಯಾಯಾಲಯ 2014ರ ಸೆಪ್ಟೆಂಬರ್ 27ರಂದು ಅವರಿಗೆ ನಾಲ್ಕು ವರ್ಷ ಸಜೆ ಮತ್ತು 100 ಕೋಟಿ ರೂಪಾಯಿ ದಂಡ ವಿಧಿಸಿತು. 2015ರ ಮೇ 11ರಂದು ಕರ್ನಾಟಕ ಹೈಕೋರ್ಟು ಅವರನ್ನು ಖುಲಾಸೆಗೊಳಿಸಿತು; ಆದಾಯಕ್ಕಿಂತ ಹೆಚ್ಚಿನ ಆಸ್ತಿ ಶೇ 8.12ರಷ್ಟು ಮಾತ್ರ, ಶೇ 10ರೊಳಗಿನದನ್ನು ಕಡೆಗಣಿಸಬಹುದು ಎಂಬುದು ಅದರ ಆಧಾರ. ಆ ತೀರ್ಪಿನಲ್ಲಿ ಬ್ಯಾಂಕ್ ಸಾಲಗಳ ಒಂದು ಪಟ್ಟಿ ಇತ್ತು. ಹತ್ತು ಬಾಬುಗಳು, ಕೆಳಗೆ ಮೊತ್ತ 24.17 ಕೋಟಿ. ಆದರೆ ಆ ಹತ್ತನ್ನೂ ಕೂಡಿಸಿದರೆ ಬರುವುದು 10.67 ಕೋಟಿ. ಹದಿಮೂರೂವರೆ ಕೋಟಿಯ ವ್ಯತ್ಯಾಸ. ಸಾಲವನ್ನು ಆದಾಯದ ಪಕ್ಕಕ್ಕೆ ಸೇರಿಸಿದ್ದರಿಂದ, ಈ ಒಂದು ಮೊತ್ತವನ್ನು ಸರಿಪಡಿಸಿದರೆ ಶೇ 8.12 ನಿಲ್ಲುತ್ತಿರಲಿಲ್ಲ.

ವಿಶೇಷ ಅಭಿಯೋಜಕ ಬಿ.ವಿ. ಆಚಾರ್ಯ ಅವರು ತೀರ್ಪು ಬಂದ ಬೆನ್ನಲ್ಲೇ ಇದನ್ನು ಎತ್ತಿ ತೋರಿಸಿದರು, ಪತ್ರಿಕೆಗಳು ಆ ಪಟ್ಟಿಯನ್ನು ಮುದ್ರಿಸಿದವು, ಮನೆಯಲ್ಲಿ ಕೂತ ಓದುಗರು ತಾವೇ ಕೂಡಿಸಿ ನೋಡುವಂತಾಯಿತು. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ವಿಚಾರಣಾ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು; ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು, ಉಳಿದ ಆರೋಪಿಗಳು ಜೈಲಿಗೆ ಹೋದರು. ಇಲ್ಲಿ ಬೇಕಾದದ್ದು ಕೂಡಿಸುವ ಲೆಕ್ಕ ಮಾತ್ರ, ಅದಕ್ಕೆ ಲೆಕ್ಕಪರಿಶೋಧಕರ ಪದವಿ ಬೇಡ.

ಪ್ರಶ್ನೆ: ಸ್ಥಳೀಯ ಪತ್ರಿಕೆಗೆ ಬರೆಯುತ್ತೇನೆ. ಒಬ್ಬ ಜನಪ್ರತಿನಿಧಿಯ ಜಮೀನಿನ ಬಗ್ಗೆ ಬರೆದಾಗ ಮಾನನಷ್ಟದ ನೋಟಿಸು ಬಂತು. ಮುಂದೆ ಬರೆಯುವುದೇ ಬೇಡ ಎನ್ನಿಸಿದೆ. (ಹೊನ್ನಾವರ)

ಉತ್ತರ: ನೋಟಿಸು ಬಂದ ಮಾತ್ರಕ್ಕೆ ತಪ್ಪು ಸಾಬೀತಾಗುವುದಿಲ್ಲ; ಬಹುಪಾಲು ನೋಟಿಸುಗಳ ಉದ್ದೇಶ ತಮಗೆ ಈಗ ಅನ್ನಿಸಿರುವುದನ್ನೇ ಅನ್ನಿಸುವಂತೆ ಮಾಡುವುದು. ಹಾಗೆಂದು ಅದನ್ನು ಮಡಚಿಡಬೇಡಿ, ವಕೀಲರ ಮೂಲಕ ಉತ್ತರ ಕೊಡಿ. ಮಾನನಷ್ಟ ಈಗಲೂ ಅಪರಾಧವೇ: ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಎರಡು ವರ್ಷದವರೆಗೆ ಸಜೆಯಿದೆ. ಸತ್ಯವಾದದ್ದನ್ನು ಸಾರ್ವಜನಿಕ ಹಿತಕ್ಕಾಗಿ ಪ್ರಕಟಿಸಿದರೆ ಅದು ಮಾನನಷ್ಟವಲ್ಲ ಎಂಬ ವಿನಾಯಿತಿಯೂ ಅಲ್ಲೇ ಇದೆ. ಸಾರ್ವಜನಿಕ ದಾಖಲೆಯನ್ನು ಆಧರಿಸಿ ಬರೆದದ್ದಕ್ಕೆ ಖಾಸಗಿತನದ ಆಕ್ಷೇಪ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1994ರಲ್ಲಿಯೇ ಹೇಳಿದೆ.

ಆದ್ದರಿಂದ ತಮ್ಮ ರಕ್ಷಣೆ ತಮ್ಮ ಕಡತದಲ್ಲಿದೆ. ಬರೆಯುವ ಮೊದಲೇ ಪ್ರಮಾಣಪತ್ರದ ಪ್ರತಿ, ಆ ಸರ್ವೆ ನಂಬರಿನ ಪಹಣಿ, ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪತ್ರ, ಕ್ರಯಪತ್ರದ ದೃಢೀಕೃತ ನಕಲು, ಇವನ್ನು ಪಡೆದ ದಿನಾಂಕದ ಸಮೇತ ಇಟ್ಟುಕೊಳ್ಳಿ. ಆ ವ್ಯಕ್ತಿಗೆ ಪ್ರಶ್ನೆಗಳನ್ನು ಬರೆದು ಕಳುಹಿಸಿ. ಉತ್ತರಿಸಲು ಸಾಕಷ್ಟು ಸಮಯ ಕೊಡಿ. ಸಂಜೆ ಏಳಕ್ಕೆ ಕರೆ ಮಾಡಿ ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಎಂಟಕ್ಕೆ ಪುಟ ಕಟ್ಟುವ ಅಭ್ಯಾಸ ನಮ್ಮ ವೃತ್ತಿಗೆ ಶೋಭೆಯಲ್ಲ. ಮಾತಿನಲ್ಲಿ ಹತೋಟಿ ಇರಲಿ. ಪಹಣಿಯಲ್ಲಿರುವ ಮೂರು ಎಕರೆ ಪ್ರಮಾಣಪತ್ರದಲ್ಲಿ ಇಲ್ಲದಿದ್ದರೆ ‘ಪ್ರಮಾಣಪತ್ರದಲ್ಲಿ ನಮೂದಾಗಿಲ್ಲ’ ಎಂದಷ್ಟೇ ಬರೆಯಿರಿ. ‘ಕಬಳಿಕೆ’, ‘ಅಕ್ರಮ’ ಎಂದು ಬರೆದ ಕ್ಷಣದಿಂದ ಅವನ್ನು ಸಾಬೀತು ಮಾಡುವ ಭಾರ ತಮ್ಮ ತಲೆಯ ಮೇಲೆ ಬೀಳುತ್ತದೆ. ಎಷ್ಟೋ ಸಲ ವಿವರಣೆ ಸರಳವಾಗಿರುತ್ತದೆ: ಅಣ್ಣತಮ್ಮಂದಿರ ಹಿಸ್ಸೆಯಾಗಿರುತ್ತದೆ, ಹೆಸರು ಬದಲಾವಣೆ ಬಾಕಿ ಇರುತ್ತದೆ, ಇಲ್ಲವೇ ಹೆದ್ದಾರಿ ಅಗಲೀಕರಣಕ್ಕೆ ಹೋದ ಜಮೀನಿನ ಪರಿಹಾರದ ಹಣವಾಗಿರುತ್ತದೆ. ಅದನ್ನೂ ಅದೇ ಪುಟದಲ್ಲಿ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಹಾಕಬೇಕು.

ಮಾಹಿತಿ ಹಕ್ಕಿನ ಅರ್ಜಿಯಿಂದ ಆದಾಯ ತೆರಿಗೆ ವಿವರ ಸಿಗುತ್ತದೆ ಎಂದು ನಂಬಿಕೊಳ್ಳಬೇಡಿ. ಅದು ವೈಯಕ್ತಿಕ ಮಾಹಿತಿ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಯ ವೈಯಕ್ತಿಕ ಮಾಹಿತಿಯ ಕಲಮನ್ನೇ ತಿದ್ದಿ ಬಾಗಿಲನ್ನು ಇನ್ನಷ್ಟು ಕಿರಿದು ಮಾಡಿದೆ. ಹಾನಿಗಿಂತ ಸಾರ್ವಜನಿಕ ಹಿತ ಹೆಚ್ಚಾಗಿದ್ದರೆ ಕೊಡಬಹುದೆಂಬ ಬೇರೊಂದು ಉಪಕಲಮು ಮಾತ್ರ ಉಳಿದಿದೆ. ಹಾಗಾಗಿ ಪ್ರಮಾಣಪತ್ರ ಮತ್ತು ಕಂದಾಯ ದಾಖಲೆಗಳೇ ಗಟ್ಟಿ ಆಧಾರ.

ಪ್ರಶ್ನೆ: ಚುನಾವಣೆ ಇಲ್ಲದ ವರ್ಷಗಳಲ್ಲಿ ಇವರ ಆಸ್ತಿಯನ್ನು ಯಾರು ಕೇಳುತ್ತಾರೆ? (ಸಿದ್ದಾಪುರ)

ಉತ್ತರ: ಲೋಕಾಯುಕ್ತರು. ತಮ್ಮ ತಾಲ್ಲೂಕಿನ ದೊಡ್ಮನೆಯವರಾದ ರಾಮಕೃಷ್ಣ ಹೆಗಡೆಯವರ ಸರ್ಕಾರದ ಕಾಲದಲ್ಲಿ ಬಂದ 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯ 22ನೇ ಕಲಮಿನ ಪ್ರಕಾರ ಮಂತ್ರಿಗಳೂ ಶಾಸಕರೂ ಪ್ರತಿ ವರ್ಷ ಜೂನ್ 30ರೊಳಗೆ ತಮ್ಮ ಮತ್ತು ಕುಟುಂಬದವರ ಆಸ್ತಿ, ಸಾಲದ ವಿವರ ಸಲ್ಲಿಸಬೇಕು. ಸಲ್ಲಿಸದವರ ಬಗ್ಗೆ ವರದಿ ಹೋಗುತ್ತದೆ. ಅನಂತರ ಎರಡು ತಿಂಗಳಾದರೂ ಕೊಡದಿದ್ದರೆ ಅವರ ಹೆಸರನ್ನು ರಾಜ್ಯದಲ್ಲಿ ಹೆಚ್ಚು ಪ್ರಸಾರವಿರುವ ಮೂರು ಪತ್ರಿಕೆಗಳಲ್ಲಿ ಪ್ರಕಟಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಆ ಪಟ್ಟಿ ಬಂದಾಗ ಅದು ಒಳಪುಟದ ಮೂಲೆಗೆ ಹೋಗುವುದು ನಮ್ಮವರ ತಪ್ಪು.

ಪ್ರಶ್ನೆ: ದೊಡ್ಡ ಪತ್ರಿಕೆ ಬರೆದರೆ ಸರಿ. ಸಣ್ಣ ಊರಿನ ಪತ್ರಿಕೆ ಬರೆದು ಏನಾಗುತ್ತದೆ? (ಅಂಕೋಲಾದ ವಿದ್ಯಾರ್ಥಿ)

ಉತ್ತರ: ಅಮೆರಿಕದ ಅತಿ ಸಣ್ಣ ರಾಜ್ಯವಾದ ರೋಡ್ ಐಲ್ಯಾಂಡಿನ ಪ್ರಾವಿಡೆನ್ಸ್ ಎಂಬ ಊರಿನ ಪತ್ರಿಕೆಯ ವರದಿಗಾರ ಜ್ಯಾಕ್ ವೈಟ್, ಅಧ್ಯಕ್ಷ ನಿಕ್ಸನ್ 1970ರಲ್ಲಿ 792 ಡಾಲರ್ ಮತ್ತು 1971ರಲ್ಲಿ 878 ಡಾಲರ್ ಮಾತ್ರ ಆದಾಯ ತೆರಿಗೆ ಕಟ್ಟಿದ್ದಾರೆ ಎಂದು 1973ರಲ್ಲಿ ಬರೆದರು. ಎರಡೂ ವರ್ಷ ನಿಕ್ಸನ್ ಅವರ ಆದಾಯ ಎರಡು ಲಕ್ಷ ಡಾಲರ್ ದಾಟಿತ್ತು. ಉಪಾಧ್ಯಕ್ಷರಾಗಿದ್ದಾಗಿನ ತಮ್ಮ ಕಾಗದಪತ್ರಗಳನ್ನು ಸರ್ಕಾರಿ ದಾಖಲೆ ಭಂಡಾರಕ್ಕೆ ದಾನ ಮಾಡಿದ್ದಾಗಿ ಹೇಳಿ ಅವರು ದೊಡ್ಡ ವಿನಾಯಿತಿ ಪಡೆದಿದ್ದರು; ಆ ವಿನಾಯಿತಿ ಕಾನೂನಿನಿಂದ ರದ್ದಾದ ಮೇಲೆ ತಯಾರಾದ ದಾನಪತ್ರಕ್ಕೆ ಹಿಂದಿನ ದಿನಾಂಕ ಹಾಕಲಾಗಿತ್ತು. ಸಂಸತ್ತಿನ ಸಮಿತಿ ಪರಿಶೀಲಿಸಿ, ಅವರು ನಾಲ್ಕು ಲಕ್ಷ ಡಾಲರಿಗೂ ಹೆಚ್ಚು ಬಾಕಿ ಕಟ್ಟಬೇಕೆಂದು 1974ರಲ್ಲಿ ಹೇಳಿತು. ವೈಟ್ ಅವರಿಗೆ ಆ ವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ನಮ್ಮಲ್ಲಿ ಸಣ್ಣ ಪತ್ರಿಕೆಗೆ ಇನ್ನೂ ಒಂದು ಅನುಕೂಲವಿದೆ. ಕಾರವಾರದ ಬೈತಖೋಲ ಬಂದರಿನಲ್ಲಿ ಲಂಗರು ಹಾಕಿದ ಯಾವ ದೋಣಿ ಯಾರ ಹೆಸರಿನಲ್ಲಿದೆ, ಅದಕ್ಕೆ ಹಣ ಹಾಕಿದವರು ಯಾರು ಎಂಬುದು ರಾಜಧಾನಿಯ ವರದಿಗಾರನಿಗೆ ತಿಂಗಳ ಕೆಲಸ, ಅಲ್ಲಿಯವನಿಗೆ ಒಂದು ಬೆಳಗಿನದು. ಆದರೆ ಅದೇ ಪತ್ರಿಕೆ ಅದೇ ದೊಡ್ಡವರ ಹುಟ್ಟುಹಬ್ಬದ ಜಾಹೀರಾತನ್ನು ನಂಬಿ ಬದುಕುತ್ತದೆ. ತಮ್ಮ ಪ್ರಶ್ನೆಯ ನಿಜವಾದ ಕಗ್ಗಂಟು ಅಲ್ಲಿದೆ.

ಪ್ರಶ್ನೆ: ಪ್ರಮಾಣಪತ್ರದಲ್ಲಿ ಸುಳ್ಳು ಹೇಳಿದರೆ ಶಿಕ್ಷೆ ಏನು? ಎಲ್ಲವನ್ನೂ ಭಾವನ ಹೆಸರಿನಲ್ಲಿ ಇಟ್ಟರೆ? (ಭಟ್ಕಳ)

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇವೆ. ಸ್ವಂತ ಸಂಪಾದನೆ ಇರುವ ಭಾವ, ತಮ್ಮ, ಬೆಳೆದ ಮಗ ಇವರಾರೂ ಅವಲಂಬಿತರಲ್ಲವಾದ್ದರಿಂದ ಪ್ರಮಾಣಪತ್ರದೊಳಗೆ ಬರುವುದಿಲ್ಲ. ಆದರೆ ‘ವೈಯಕ್ತಿಕ ಸಾಲ, ಮುಂಗಡ’ ಎಂಬ ಬಾಬನ್ನು ಅಲಕ್ಷಿಸಬೇಡಿ. ಭಾವನಿಗೆ ಕೊಟ್ಟ ಬಡ್ಡಿಯಿಲ್ಲದ ಕೈಸಾಲ ಅನೇಕ ಸಲ ಅಲ್ಲಿ ತಲೆ ಎತ್ತುತ್ತದೆ, ಸುಳಿವು ಸಿಗುವುದೂ ಅಲ್ಲೇ. ಸುಳ್ಳು ಹೇಳಿದ್ದಕ್ಕೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಮಿನಡಿ ಆರು ತಿಂಗಳವರೆಗಿನ ಸಜೆ ಅಥವಾ ದಂಡ ಅಥವಾ ಎರಡೂ ಇವೆ. ಇದು ತೀರ ಕಡಿಮೆಯಾಯಿತು ಎಂಬುದು ನಮ್ಮ ಅಭಿಪ್ರಾಯ. ಆಯ್ಕೆಯನ್ನೇ ಪ್ರಶ್ನಿಸುವುದಾದರೆ ಫಲಿತಾಂಶ ಬಂದ 45 ದಿನಗಳೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು, ಅದನ್ನು ಆ ಕ್ಷೇತ್ರದ ಮತದಾರನೂ ಹಾಕಬಹುದು. ಆ ಗಡುವು ಮುಗಿದು ವರ್ಷ ಕಳೆದ ಮೇಲೆ ಪತ್ರಿಕೆಗಳು ತರುವ ‘ಮುಚ್ಚಿಟ್ಟ ಆಸ್ತಿ ಬಯಲು’ ವರದಿ ಈ ಅರ್ಜಿಗೆ ಉಪಯೋಗವಾಗುವುದಿಲ್ಲ. ನಾಮಪತ್ರ ಸಲ್ಲಿಕೆಯಾದೊಡನೆ ಪ್ರಮಾಣಪತ್ರಗಳು ಚುನಾವಣಾ ಆಯೋಗದ ಜಾಲತಾಣದಲ್ಲಿ ಬರುತ್ತವೆ. ಮತದಾನಕ್ಕೆ ಇನ್ನೂ ದಿನಗಳಿರುವಾಗಲೇ ತಮ್ಮ ಕ್ಷೇತ್ರದ ಅಭ್ಯರ್ಥಿಗಳ ಹಿಂದಿನ ಮತ್ತು ಈಗಿನ ಪ್ರತಿಗಳನ್ನು ಇಳಿಸಿಕೊಂಡು, ಮೊದಲು ಸಾಲದ ಪುಟವನ್ನು, ಆಮೇಲೆ ಕೊಂಡ ದಿನಾಂಕದ ಕಾಲಮ್ಮನ್ನು ಓದಿ.